ಬಳೆಗಾರನ ಕೈ ನಡುಕ

ತಾಯವ್ವನ ಎಡಗೈ ಮಹಾಂತಪ್ಪನ ಎರಡು ಅಂಗೈಗಳ ನಡುವೆ ಇತ್ತು. ಹೆಬ್ಬೆರಳನ್ನು ಒಳಗೆ ಮಡಿಸಿ, ಗೆಣ್ಣುಗಳನ್ನು ಮೆತ್ತಗೆ ಒತ್ತಿ, ಎರಡು ಹಸಿರು ಬಳೆಗಳನ್ನು ಆಗಲೇ ಏರಿಸಿದ್ದ. ಮೂರನೆಯದು ಗೆಣ್ಣಿನ ಮೇಲೆ ಬಂದು ನಿಂತಾಗ ಅವನ ಕೈಯಲ್ಲಿ ಅದು ಶುರುವಾಯಿತು. ಮೊದಲು ಕಿರುಬೆರಳು, ಆಮೇಲೆ ಉಳಿದ ಬೆರಳುಗಳು, ಆಮೇಲೆ ಮೊಣಕೈವರೆಗೂ. ತೊಡೆಯ ಮೇಲಿದ್ದ ಬಳೆಯ ಸರ ಗಿಲಿಗಿಲಿ ಅಂದಿತು. ಹುಡುಗಿಯ ಕೈಯಲ್ಲಿದ್ದ ಎರಡು ಬಳೆಗಳೂ ಅದಕ್ಕೆ ದನಿಗೂಡಿಸಿದವು. ಮೂರನೆಯದು ಚಟ್ಟನೆ ಎರಡು ಚೂರಾಗಿ ಚಾಪೆಯ ಮೇಲೆ ಬಿತ್ತು.

"ಚುಚ್ಚಿತೇನ ತಂಗಿ?"

"ಇಲ್ರಿ ಕಾಕಾ," ಅಂದಳು ತಾಯವ್ವ. ಹಾಗಂದರೂ ಕೈಯನ್ನು ಅರ್ಧ ಹಿಂದಕ್ಕೆ ಎಳೆದುಕೊಂಡಿದ್ದಳು.

ಬನದ ಹುಣ್ಣಿಮೆಯ ಬೆಳಗು. ಉಗರಗೋಳದಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಮಹಾಂತಪ್ಪನದು ಮುಂದೆ ಅಂಗಡಿ, ಹಿಂದೆ ಮನೆ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ತಮ್ಮ ಪಾಳಿಗಾಗಿ ಕಾಯುತ್ತ ಕೂತಿದ್ದರು. ಚಳಿಗೆ ಎಲ್ಲರೂ ಸೆರಗು ಹೊದ್ದಿದ್ದರೆ ಬಳೆಗಾರನ ಹಣೆಯಿಂದ ಮಾತ್ರ ಬೆವರು ಇಳಿಯುತ್ತಿತ್ತು. ಹೆಂಗಸರೆಲ್ಲ ಅವನ ಕೈಯ ಕಡೆ ತಿರುಗಿದರು. ಇನ್ನು ಏನು ಬರುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಯಾರೋ ಒಬ್ಬಳು ಬಾಯಿಗೆ ಸೆರಗು ಹಿಡಿಯುತ್ತಾಳೆ, ಇನ್ನೊಬ್ಬಳು "ಬೆಳಗಾಮುಂಜಾನೆ ಏರಿಸ್ಯಾನ" ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ. ಅವನ ದುರ್ದೈವ ನೋಡಿ, ಕುಡಿಯುತ್ತಿದ್ದ ಹದಿನಾಲ್ಕು ವರ್ಷ ಒಂದು ಸಾರಾಯಿ ಪಾಕೀಟು ಹೊಟ್ಟೆಗೆ ಬಿತ್ತೆಂದರೆ ಆ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಈಗ ಬಿಟ್ಟು ಒಂದು ತಿಂಗಳಾಗಿದೆ, ಈಗ ನಡುಗುತ್ತದೆ. ಒಳ್ಳೆಯದು ಮಾಡಹೋದವನಿಗೆ ದೇವರು ಕೊಡುವ ಬಕ್ಷೀಸು ಕೆಲವು ಸಲ ಹೀಗೇ ಇರುತ್ತದೆ.

ತಾಯವ್ವನ ಅತ್ತೆ ಲಗಮವ್ವ ಹೊಸ್ತಿಲಲ್ಲಿ ನಿಂತಿದ್ದಳು. ರಾಮದುರ್ಗದ ಕಡೆಯ ಮುದುಕಿ. ಗಂಡ ಸತ್ತವಳಾದ್ದರಿಂದ ಬಳೆಗಾರನ ಚಾಪೆಯ ಮೇಲೆ ಕೂರದೆ, ಪ್ರತಿ ವರ್ಷವೂ ಸೊಸೆಯನ್ನು ಒಳಗೆ ಕಳಿಸಿ ತಾನು ಅಲ್ಲೇ ನಿಲ್ಲುತ್ತಿದ್ದಳು. ಅವಳು ಬಳೆಗಾರನ ಕೈ ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಎರಡೂ ಕೈ ಎತ್ತಿ ಮುಗಿದಳು.

"ಉಧೋ ಉಧೋ! ಯಾರೂ ನಗಬ್ಯಾಡ್ರೆ. ತಾಯಿ ಬಂದಾಳ."

ಹೆಂಗಸರು ಧಡಕ್ಕನೆ ಎದ್ದು ನಿಂತರು. "ಉಧೋ" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಯಾರೋ ಮಡಿಲಿನ ಗಂಟು ಬಿಚ್ಚಿ ಗುಡ್ಡದಿಂದ ತಂದ ಭಂಡಾರದ ಅರಿಷಿಣವನ್ನು ಅವನ ಹಣೆಗೆ ಬಳಿದರು. ಮಹಾಂತಪ್ಪ ಬಾಯಿ ತೆರೆದ. ಅಲ್ಲ ಅನ್ನಬೇಕಿತ್ತು. ಅಲ್ಲ ಅಂದರೆ, ಮತ್ತೇನು ಅಂತ ಕೇಳುತ್ತಾರೆ. ತೆರೆದ ಬಾಯನ್ನು ಹಾಗೇ ಮುಚ್ಚಿದ.

"ನನ್ನ ಸೊಸಿ ಕೈ ಬಿಡಬ್ಯಾಡೋ ಎಪ್ಪಾ. ತೊಡಸು," ಅಂದಳು ಲಗಮವ್ವ.

ತೊಡಿಸಿದ. ನಡುಗುತ್ತಲೇ ತೊಡಿಸಿದ. ನಗು ಬರಲಿಲ್ಲವೆಂಬ ಧೈರ್ಯಕ್ಕೋ ಏನೋ, ಉಳಿದವುಗಳಲ್ಲಿ ಒಂದೂ ಒಡೆಯಲಿಲ್ಲ. ಹೆಂಗಸರ ಕಣ್ಣಿಗೆ ಅದೇ ದೊಡ್ಡ ಪವಾಡವಾಯಿತು. ತಾಯವ್ವ ವಾಡಿಕೆಯಂತೆ ಚಾಪೆ ಮುಟ್ಟಿ ನಮಸ್ಕಾರ ಮಾಡಿದಳು. ಅವನೂ ಅಪ್ಪ ಅಜ್ಜರ ಕಾಲದಿಂದ ಬಂದ ಮಾತನ್ನು ಹೇಳಿದ: "ಮುತ್ತೈದಿಯಾಗಿ ನೂರು ವರ್ಷ ಬಾಳವ್ವಾ."

ಒಳಗೆ ಅವನ ಹೆಂಡತಿ ಸುಂದರವ್ವ ರೊಟ್ಟಿ ಬಡಿಯುತ್ತಿದ್ದಳು. ತಪ್ ತಪ್ ಎಂಬ ಬರಿಯ ಸದ್ದು. ಅದರಲ್ಲಿ ಬಳೆಯ ದನಿ ಇರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹಿಂದಿನ ಹುಣ್ಣಿಮೆ, ಅಂದರೆ ಹೊಸ್ತಿಲ ಹುಣ್ಣಿಮೆಯ ದಿನ, ಗುಡ್ಡದ ಮೇಲೆ ಯಲ್ಲಮ್ಮ ತಾಯಿಗೆ ವೈಧವ್ಯ ಬಂತೆಂದು ಅವಳ ಬಳೆ ತೆಗೆಯುತ್ತಾರೆ. ಅವಳು ಎರಡು ತಿಂಗಳು ಬರಿಗೈಯಲ್ಲಿದ್ದು, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗಿ ಹಸಿರು ಬಳೆ ತೊಡುತ್ತಾಳೆ. ಆ ಹೊಸ್ತಿಲ ಹುಣ್ಣಿಮೆಯ ಸಂಜೆ ಮಹಾಂತಪ್ಪ ಮೂರು ಪಾಕೀಟು ಏರಿಸಿ ಮನೆಗೆ ಬಂದಿದ್ದ. ನಾಲ್ಕನೆಯದಕ್ಕೆ ಹೊರಟಾಗ ಸುಂದರವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಸರಿಸಲೆಂದು ಕೈ ಹಿಡಿದು ತಿರುವಿದ. ಅಷ್ಟೇ. ಎಡಗೈಯಲ್ಲಿದ್ದ ಡಜನ್ ಬಳೆ ಒಂದೇ ಸಲಕ್ಕೆ ಪುಡಿಯಾದವು. ಬಳೆ ಒಡೆಯುವ ಸದ್ದು ಬಳೆಗಾರನಿಗೆ ಹೊಸದಲ್ಲ. ದಿನಕ್ಕೊಂದೆರಡು ಒಡೆದೇ ಒಡೆಯುತ್ತವೆ. ಆದರೆ ಆ ಹನ್ನೆರಡರ ಸದ್ದಿಗೆ ಅವನ ನಶೆ ಇಳಿದು ಹೋಯಿತು. ಹೊಸ್ತಿಲ ಮೇಲೆ ನಾಲ್ಕು ಹನಿ ರಕ್ತ ಬಿದ್ದಿತ್ತು.

ಸುಂದರವ್ವ ಅಳಲಿಲ್ಲ, ಬೈಯಲಿಲ್ಲ. ಚೂರುಗಳನ್ನು ಕಸಬರಿಗೆಯಿಂದ ಬಳಿದು ಮೊರಕ್ಕೆ ತುಂಬಿದಳು. ಕೈಗೆ ಅರಿಷಿಣ ಮೆತ್ತಿಕೊಂಡು, ಬಲಗೈಯ ಬಳೆಗಳನ್ನೂ ತೆಗೆದಿಟ್ಟಳು. ಆಮೇಲೆ ಅಂದಳು:

"ತಾಯಿಗೆ ಎರಡ ತಿಂಗಳ ಬಳಿ ಇಲ್ಲ. ನನಗೂ ಬ್ಯಾಡ. ಭಾರತ ಹುಣ್ಣಿವಿಗೆ ಆಕಿ ತೊಟ್ಟಾಗ ನಾನೂ ತೊಡತೇನಿ. ನೀವ ತೊಡಸ್ರಿ. ಆದರ ಕುಡದ ಕೈಲೆ ಅಲ್ಲ. ನಡಗೂ ಕೈಲೇನೂ ಅಲ್ಲ."

"ಇಲ್ಲಾಂದ್ರ?"

"ಇಲ್ಲಾಂದ್ರ ಸಂಪಗಾಂವದಾಗ ನಮ್ಮಣ್ಣನ ಮನಿ ಐತಿ. ಅಲ್ಲೇ ಹೋಗಿ ಇರತೇನಿ. ಮತ್ತ ಕರಿಯಾಕ ಬರಬ್ಯಾಡ್ರಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ತವರಿಗೆ ಹೋಗುವ ಮಾತಾಡಿದ್ದು ಅದೇ ಮೊದಲು. ಮಾತಿಗೊಮ್ಮೆ ತವರು ತೆಗೆಯುವ ಹೆಂಗಸಾಗಿದ್ದರೆ ಮಹಾಂತಪ್ಪ ಅಷ್ಟು ಹೆದರುತ್ತಿರಲಿಲ್ಲ. ಮರುದಿನದಿಂದ ಸುಂದರವ್ವ ಎರಡು ಪ್ಲಾಸ್ಟಿಕ್ ಬಳೆ ಹಾಕಿಕೊಂಡು ಓಡಾಡಿದಳು. ಬಳೆಗಾರನ ಹೆಂಡತಿಯ ಕೈಯಲ್ಲಿ ಪ್ಲಾಸ್ಟಿಕ್ ಬಳೆ! ಕೇಳಿದವರಿಗೆ ತಾಯಿಗೆ ಹರಕೆ ಅನ್ನುತ್ತಿದ್ದಳು.

ಬಿಡುವುದು ಅಂದರೆ ಅಂಗಿ ಬಿಚ್ಚಿಟ್ಟಷ್ಟು ಸಸಾರ ಅಂದುಕೊಂಡಿದ್ದ. ಮೂರನೆಯ ದಿನ ಗೋಡೆಯ ತುಂಬ ಇರುವೆ ಹರಿಯತೊಡಗಿದವು. ಮೈಮೇಲೆ ಹತ್ತಿದವು, ಅಂಗಿಯೊಳಗೆ ಹೋದವು. ಝಾಡಿಸಿ ಝಾಡಿಸಿ ಚರ್ಮ ಕೆಂಪಾಯಿತು. ಪೆಟ್ಟಿಗೆಯಲ್ಲಿದ್ದ ಬಳೆಗಳು ಎರೆಹುಳದ ಹಾಗೆ ಮಿಸುಕಾಡಿದವು. ಸುಂದರವ್ವ ಟೆಂಪೋ ಹಿಡಿದು ಸವದತ್ತಿಯ ಆಸ್ಪತ್ರೆಗೆ ಒಯ್ದಳು. ಐದು ದಿನ ಸಲಾಯಿನ್ ಹಚ್ಚಿದರು. ಒಮ್ಮೆಲೇ ಬಿಡುವಾಗ ಮೊದಲೇ ಬರಬೇಕಿತ್ತು, ಜೀವಕ್ಕೇ ಅಪಾಯ ಇತ್ತು ಎಂದು ಡಾಕ್ಟರು ಗದರಿದರು. ಗುಳಿಗೆ ಬರೆದುಕೊಟ್ಟು, ಕೈ ನಡುಕ ಇನ್ನೂ ಕೆಲವು ವಾರ ಇದ್ದರೂ ಇರಬಹುದು, ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ, ಗಾಬರಿಯಾಗಬೇಡ, ಎಲ್ಲ ತಾನೇ ಹೋಗುತ್ತದೆ ಅಂದರು.

ಡಾಕ್ಟರು ಹೇಳಿದ ಎಲ್ಲವೂ ಪಾಳಿ ಹಚ್ಚಿ ಬಂದವು. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಅದನ್ನು ಅಂಗಳಕ್ಕೆ ಒಗೆದ. ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ಕೇಳುತ್ತ ಗಳಗಳನೆ ಅತ್ತ. ಅತ್ತದ್ದು ಯಾತಕ್ಕೆ ಅಂದರೆ ಕಡಲೆ ಬೆಳೆಯ ಕಾಯಿಕೊರಕದ ಮಾತಿಗೆ! ಬಾಯಿ ಸದಾ ಸಿಹಿ ಬೇಡುತ್ತಿತ್ತು. ಬೆಲ್ಲದ ಡಬ್ಬಿ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದ. ಒಂದು ಮಧ್ಯಾಹ್ನ ಗೋಡೆಯ ಮೇಲೆ ಮತ್ತೆ ಇರುವೆ ಸಾಲು ಕಂಡು ಹೆಂಡತಿಯನ್ನು ಕೂಗಿದ.

"ಸುಂದರಾ, ಇತ್ತ ಬಾ. ಇವು ಅದಾವೋ ಇಲ್ಲೋ ನೋಡು."

ಅವಳು ಬಂದು ಬಗ್ಗಿ ನೋಡಿದಳು. "ಅದಾವ್ರಿ. ಖರೇನ ಅದಾವು. ಬೆಲ್ಲದ ಡಬ್ಬಿ ಮುಚ್ಚಿಲ್ಲ ನೀವು."

ಆ ದಿನ ಖರೆ ಇರುವೆ ಕಂಡು ಅವನಿಗಾದ ಸಂತೋಷ ಹೇಳತೀರದು.

ಕಷ್ಟದ್ದೆಂದರೆ ಸಂಜೆ ಆರರ ಹೊತ್ತು. ಆ ಹೊತ್ತಿಗೆ ಕಾಲು ತಾವೇ ಚಪ್ಪಲಿ ಹುಡುಕುತ್ತಿದ್ದವು. ಅದಕ್ಕೊಂದು ಉಪಾಯ ಮಾಡಿದ. ಆರು ಹೊಡೆಯುತ್ತಿದ್ದಂತೆ ಬಕೆಟಿನಲ್ಲಿ ಸಾಬೂನು ನೀರು ಕಲಸಿ, ಗೋಡೆಯ ಮಾಡದಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಬಳೆಗಳನ್ನು ಒಂದೊಂದೇ ತೊಳೆಯಲು ಕೂರುತ್ತಿದ್ದ. ನಡುಗುವ ಕೈಯಿಂದ ತೊಳೆದು, ಬಟ್ಟೆಯ ಮೇಲೆ ಹರವಿ, ಬಣ್ಣ ಬಣ್ಣ ಬೇರೆ ಮಾಡುವಷ್ಟರಲ್ಲಿ ಎಂಟಾಗುತ್ತಿತ್ತು. ಆ ತಿಂಗಳು ಅವನ ಅಂಗಡಿ ಹೊಳೆದಷ್ಟು ಅವನ ಅಪ್ಪನ ಕಾಲದಲ್ಲೂ ಹೊಳೆದಿರಲಿಕ್ಕಿಲ್ಲ.

ಇದು ಯಾವುದೂ ಊರಿಗೆ ಗೊತ್ತಿರಲಿಲ್ಲ. ಹಿಂದೆ ಎರಡು ಸಲ ಡಂಗುರ ಸಾರಿ ಬಿಟ್ಟು, ಎರಡೂ ಸಲ ವಾರದೊಳಗೆ ಮತ್ತೆ ಕುಡಿತ ಹಿಡಿದು ನಗೆಪಾಟಲಾಗಿದ್ದ. ಈ ಸಲ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಹೋದದ್ದಕ್ಕೆ ಸುಂದರವ್ವ ಜ್ವರ ಅಂದಿದ್ದಳು. ಗೊತ್ತಿದ್ದವನು ಒಬ್ಬನೇ, ಪಕ್ಕದ ತೆಂಗಿನಕಾಯಿ ಅಂಗಡಿಯ ಪರಶು. ಮೊದಲು ಜೋಡಿಯಾಗಿ ಕುಡಿಯುತ್ತಿದ್ದವ.

ಬನದ ಹುಣ್ಣಿಮೆಯ ಆ ಬೆಳಗಿನ ಸುದ್ದಿ ಸಂಜೆಯೊಳಗೆ ಸವದತ್ತಿ ಮುಟ್ಟಿತು. ಬಳೆಗಾರ ಮಹಾಂತಪ್ಪನ ಕೈಯಲ್ಲಿ ತಾಯಿ ಬರುತ್ತಾಳಂತೆ, ಆ ನಡುಗುವ ಕೈಯಿಂದ ಬಳೆ ತೊಟ್ಟರೆ ಒಳ್ಳೆಯದಾಗುತ್ತದಂತೆ. ಮುನವಳ್ಳಿಯಿಂದ ಬಂದರು, ಯರಗಟ್ಟಿಯಿಂದ ಬಂದರು. ಮಗನಿಗೆ ನೌಕರಿ ಆದೀತೇ, ಎಮ್ಮೆ ಗಬ್ಬ ನಿಂತೀತೇ, ಗಂಡನ ಕೆಮ್ಮು ಹೋದೀತೇ ಎಂದೆಲ್ಲ ಕೇಳಿದರು. ಮಹಾಂತಪ್ಪ ಎಲ್ಲದಕ್ಕೂ ಒಂದೇ ಮಾತು ಹೇಳುತ್ತಿದ್ದ: "ಛಲೋ ಆಗತೈತಿ ಬಿಡವ್ವಾ." ಅದಕ್ಕಿಂತ ಹೆಚ್ಚು ಹೇಳಲು ಅಂಜಿಕೆ, ಕಡಿಮೆ ಹೇಳಲು ಮನಸ್ಸಿಲ್ಲ. ತಾಯಿಯ ಹೆಸರಲ್ಲಿ ಮಂದಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು. ಆದರೆ ಯಾರೂ ನಗುತ್ತಿರಲಿಲ್ಲ. ನಡುಗುವ ಕೈಯನ್ನು ಮುಚ್ಚಿಟ್ಟುಕೊಳ್ಳುವ ಗರಜು ಇರಲಿಲ್ಲ. ಅದೊಂದು ಸುಖ ಬೇರೆ.

ಒಂದು ಸಂಜೆ ಸಾಬೂನು ನೀರು ಕೆಲಸಕ್ಕೆ ಬರಲಿಲ್ಲ. ಬಕೆಟ್ಟು ಅಲ್ಲೇ ಬಿಟ್ಟು ಎದ್ದ. ತಾನು ಎತ್ತ ಹೊರಟಿದ್ದೇನೆಂದು ತನಗೇ ಹೇಳಿಕೊಳ್ಳದೆ ನಡೆದು, ಊರ ಹೊರಗಿನ ಸಾರಾಯಿ ಅಂಗಡಿಯ ಮುಂದೆ ನಿಂತ. ಬಾಯಲ್ಲಿ ನೀರೂರಿತು. ಕಿಸೆಯಿಂದ ಕೈ ತೆಗೆದು ಕಟ್ಟೆಯ ಮೇಲಿಟ್ಟ. ಕೈ ಗದಗದ ನಡುಗುತ್ತಿತ್ತು. ಅಂಗಡಿಯವ ಅದನ್ನು ನೋಡಿದ್ದೇ ತಡ, ಕೂತಲ್ಲಿಂದ ಎದ್ದು ಚಪ್ಪಲಿ ಬಿಟ್ಟ.

"ಎಪ್ಪಾ ಮಾಂತಪ್ಪ, ನನ್ನ ಅಂಗಡಿಗೆ ತಾಯಿ ಬರೂದಂದ್ರ!" ಎಂದು ಕೈಮುಗಿದ. ಒಳಗೆ ಹೋಗಿ ಒಂದು ನಿಂಬೆಹಣ್ಣು ತಂದು ಅವನ ಕೈಯಲ್ಲಿಟ್ಟ. "ನನ್ನ ಮಗಾ ಹತ್ತನೇ ಇಯತ್ತಾದಾಗ ಎರಡ ಸರ್ತಿ ನಪಾಸ ಆಗ್ಯಾನ. ಒಂದ ಮಾತ ಹೇಳಿ ಹೋಗ್ರಿ."

"ಒಂದ ಪಾಕೀಟ..." ಅಂದ ಮಹಾಂತಪ್ಪ.

"ಛೆ ಛೆ, ಪರೀಕ್ಷಾ ಮಾಡಬ್ಯಾಡ್ರಿ ತಾಯೀ. ತಾಯಿ ಮೈಮ್ಯಾಲಿದ್ದವರಿಗೆ ನಾ ಸೆರೆ ಕೊಟ್ಟರ ನನ್ನ ಮನಿ ಉಳದೀತೇನು?"

"ಪಾಸಾಗತಾನ ಬಿಡು," ಎಂದು ಹೇಳಿ, ನಿಂಬೆಹಣ್ಣು ಹಿಡಿದುಕೊಂಡು ಮಹಾಂತಪ್ಪ ಮನೆಗೆ ಬಂದ. ದಾರಿಯುದ್ದಕ್ಕೂ ಸಿಟ್ಟು. ಹೊಸ್ತಿಲು ದಾಟುವಾಗ ನಗು. ಸುಂದರವ್ವ ಆ ಹಣ್ಣನ್ನು ಹಿಂಡಿ ಶರಬತ್ತು ಮಾಡಿಕೊಟ್ಟಳು. ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಅವನೇ ಹೇಳಿದ, ಒಂದನ್ನೂ ಮುಚ್ಚಿಡದೆ.

ಸುಂದರವ್ವನಿಗೂ ಆ ದಿನಗಳು ಹಿಡಿಸಿದ್ದವು ಅನ್ನುವುದನ್ನು ಹೇಳಲೇಬೇಕು. ನಲ್ಲಿಗೆ ಹೋದರೆ ಇಷ್ಟು ವರ್ಷ "ಕುಡುಕನ ಹೆಂಡತಿ" ಎಂದು ಬೆನ್ನ ಹಿಂದೆ ಅನ್ನುತ್ತಿದ್ದ ಬಾಯಿಗಳು ಈಗ "ಅವ್ವಾರ, ನೀವ ಮೊದಲ ತುಂಬ್ರಿ" ಅನ್ನುತ್ತಿದ್ದವು. ಮುನವಳ್ಳಿಯ ಒಬ್ಬ ಗೌಡತಿ ಅವಳ ಕಾಲು ಮುಟ್ಟಿ ಹೋಗಿದ್ದಳು. ಅಂದಿನಿಂದ ಸುಂದರವ್ವ ನೀರಿಗೆ ಹೋಗುವಾಗಲೂ ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದಳು.

ಭಾರತ ಹುಣ್ಣಿಮೆಗೆ ಐದು ದಿನವಿದ್ದಾಗ, ಬೆಳಿಗ್ಗೆ ಗಂಡ ಹೆಂಡತಿ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಮಹಾಂತಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದ. ಬಸಿ ಎತ್ತಿ ತುಟಿಗೆ ಒಯ್ದ. ಕುಡಿದು ಕೆಳಗಿಟ್ಟ. ಆಮೇಲೆ ಇಬ್ಬರೂ ಬಸಿಯನ್ನೇ ನೋಡಿದರು. ಎರಡು ತಿಂಗಳಿಂದ ದಿನವೂ ಕಟಕಟ ಅನ್ನುತ್ತಿದ್ದ ಬಸಿ ಅಂದು ತುಟಿ ಪಿಟಕ್ಕೆನ್ನಲಿಲ್ಲ.

"ಇನ್ನೊಮ್ಮೆ ಎತ್ರಿ," ಅಂದಳು ಅವಳು.

ಎತ್ತಿದ. ಬಸಿಯಲ್ಲಿ ಉಳಿದಿದ್ದ ಚಹಾದ ಮೇಲೆ ಒಂದು ತೆರೆ ಕೂಡ ಏಳಲಿಲ್ಲ. ಅವಳ ಮುಖ ಅರಳಿತು. ಹಿಂದಿನ ರಾತ್ರಿ ಐದು ತಾಸು ಒಂದೇ ನಿದ್ದೆ ಆಗಿತ್ತೆಂದು ಆಗ ಅವನಿಗೆ ನೆನಪಾಯಿತು. ಹೊಲದಿಂದ ಬಂದ ಹಸಿ ಕಡಲೆಯ ವಾಸನೆ ಮೂಗಿಗೆ ಬರುತ್ತಿತ್ತು. ಇಷ್ಟು ದಿನ ಅದು ಎಲ್ಲಿ ಹೋಗಿತ್ತೋ.

ಆದರೆ ಕಪ್ಪು ಬಸಿ ಎತ್ತಿಕೊಂಡು ಹೋಗುವಾಗ ಸುಂದರವ್ವ ನಿಂತಳು. "ಹುಣ್ಣಿವಿಗೆ ಮಂದಿ ಬರತಾರಲ್ಲರಿ. ನಡಗೂ ಕೈ ಹುಡಿಕ್ಯೋಂತ ಬರತಾರ. ಏನ ಮಾಡೂದು?"

ಆ ಮಾತು ಪರಶುನ ಕಿವಿಗೂ ಬಿತ್ತು. ಮಧ್ಯಾಹ್ನ ಬಂದು ಚಾಪೆಯ ಮೇಲೆ ಕೂತ. "ಮಾಂತಣ್ಣಾ, ಗಾಳಿ ಬಂದಾಗ ತೂರಿಕೋಬೇಕು. ಹುಣ್ಣಿವಿ ಮುಂದ ಒಂದ ನಾಕ ದಿನ ಹಾಕು. ಹುಣ್ಣಿವಿ ದಿನ ಬೆಳಿಗ್ಗೆ ಬಂದ್ ಮಾಡು. ಮಧ್ಯಾಹ್ನದಾಗ ತಾಯಿ ಹಾಜರ್. ಅಂಗಡಿಯವ ನಿನಗ ಕೊಡೂದಿಲ್ಲ ಅಂದ್ರ ನಾ ತಂದ ಕೊಡತೇನಿ."

ಮಹಾಂತಪ್ಪ ನಕ್ಕುಬಿಟ್ಟ. ಪರಶುನೂ ನಕ್ಕ. ಅವನು ಎದ್ದು ಹೋದ ಮೇಲೂ ಆ ಮಾತು ಮಾತ್ರ ಚಾಪೆಯ ಮೇಲೇ ಕೂತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕೇ ದಿನ, ದೇವರ ಕೆಲಸಕ್ಕೆ ಅಂತ. ಕುಡಿತ ಇಷ್ಟು ಮಡಿಯುಟ್ಟು ಬಂದು ಅವನ ಮುಂದೆ ಎಂದೂ ನಿಂತಿರಲಿಲ್ಲ. ಅವನಿಗೆ ಖರೇನೇ ಹೆದರಿಕೆಯಾಯಿತು. ಒಳಗೆ ಹೋಗಿ ಪರಶು ಅಂದದ್ದನ್ನು ಹೆಂಡತಿಗೆ ಹೇಳಿದ.

"ಅವನ ಬಾಯಾಗ ಮಣ್ಣ ಹಾಕಲಿ," ಅಂದಳು ಸುಂದರವ್ವ. ಸ್ವಲ್ಪ ಹೊತ್ತು ಅಕ್ಕಿ ಆರಿಸಿದಳು. ತಲೆ ಎತ್ತದೆ ಕೇಳಿದಳು: "ಅಲ್ಲರೀ, ಸುಮ್ಮನ ನಡಗಿಸಿದ್ರ ಏನ ಆಗತೈತಿ?"

"ಅಂದ್ರ?"

"ಅಂದ್ರ, ಹಂಗ... ಬೇಕಂತ."

ಮಹಾಂತಪ್ಪ ಅವಳ ಮುಖ ನೋಡಿದ. ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಇಸ್ತ್ರಿ ಸೀರೆಯ ಆಸೆ ಅದು, ಪಾಪ. ಇಪ್ಪತ್ತೆರಡು ವರ್ಷಕ್ಕೆ ಒಂದು ತಿಂಗಳ ಮರ್ಯಾದೆ. ಅವಳಿಗೆ ಅಲ್ಲ ಅನ್ನಲು ಅವನಿಗೆ ಮುಖ ಎಲ್ಲಿತ್ತು? ಒಂದು ಬಳೆ ತೆಗೆದುಕೊಂಡು ಕೈ ನಡುಗಿಸಿದ.

"ಹಂಗಲ್ಲರಿ, ಹಿಟ್ಟ ಸಾಣಿಸಿದಂಗ ಕಾಣತೈತಿ."

ಬೇರೆ ಥರ ನಡುಗಿಸಿದ.

"ಈಗ ಚಳಿ ಹತ್ತಿದ ಕುರಿ ಆದ್ರಿ."

ಭುಜದಿಂದ ಶುರುಮಾಡಿದ. ತಲೆಯೂ ಜೊತೆಗೆ ಅಲುಗಾಡಿತು. ಸುಂದರವ್ವನಿಗೆ ತಡೆಯಲಾಗಲಿಲ್ಲ. ಮೊರದಲ್ಲಿದ್ದ ಅಕ್ಕಿ ಚೆಲ್ಲುವ ಹಾಗೆ ನಕ್ಕಳು. ಅವನೂ ನಕ್ಕ. ಎರಡು ತಿಂಗಳು ನಿಲ್ಲೆಂದರೆ ನಿಲ್ಲದ ಕೈ ಈಗ ನಡುಗೆಂದರೆ ನಡುಗದು! ಇಬ್ಬರೂ ಕಣ್ಣೊರೆಸಿಕೊಂಡರು. ಅವಳು ಹೀಗೆ ನಕ್ಕದ್ದನ್ನು ತಾನು ನೋಡಿ ಎಷ್ಟು ವರ್ಷವಾಯಿತೆಂದು ಅವನು ನೆನಪು ಮಾಡಿಕೊಳ್ಳಲು ನೋಡಿದ. ಆ ವರ್ಷಗಳೆಲ್ಲ ಅವನಿಗೆ ಮಸಕು ಮಸಕು.

"ಬ್ಯಾಡ ಬಿಡ್ರಿ," ಅಂದಳು ಕೊನೆಗೆ. "ನಮಗ ಬರೂದಲ್ಲ ಅದು."

ಭಾರತ ಹುಣ್ಣಿಮೆಯ ಬೆಳಿಗ್ಗೆ ಪಡಸಾಲೆ ತುಂಬಿ ಅಂಗಳದವರೆಗೆ ಹೆಂಗಸರು. ಮೊದಲು ಕೂತವಳು ಮುನವಳ್ಳಿಯ ಗೌಡತಿ. ಮಹಾಂತಪ್ಪ ಅವಳ ಕೈ ಹಿಡಿದು, ಡಜನ್ ಬಳೆಯನ್ನು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಏರಿಸಿದ. ಒಂದೂ ಕಿಣ್ ಅನ್ನಲಿಲ್ಲ. ಗೌಡತಿ ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು.

"ಇವತ್ತ ಯಾಕ ನಡಗವಲ್ದರಿ? ತಾಯಿ ಬರಲಿಲ್ಲೇನು?"

 ಒಳಬಾಗಿಲಲ್ಲಿ ಸುಂದರವ್ವ ಬಂದು ನಿಂತದ್ದನ್ನು ಮಹಾಂತಪ್ಪ ಕಂಡ. ಹೊಸ್ತಿಲ ಆಚೆ ಸೊಸೆಯ ಜೊತೆ ಬಂದು ನಿಂತಿದ್ದ ಲಗಮವ್ವನನ್ನೂ ಕಂಡ. ತಲೆ ತಗ್ಗಿಸಿದ. ತಲೆ ತಗ್ಗಿಸಿಯೇ ಹೇಳಿದ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಅದು ತಾಯಿ ಅಲ್ರಿ. ನಾ ಸೆರೆ ಬಿಟ್ಟಿದ್ದೆ. ಬಿಟ್ಟದ್ದಕ್ಕ ಕೈ ನಡಗತಿತ್ತು. ಅವತ್ತ ಹೇಳಾಕ ನಾಚಿಕಿ ಬಂತು. ಈಗ ಆರಾಮ ಆತು, ನಿಂತೈತಿ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

ಗೌಡತಿ ಬಾಯಿ ತೆರೆದವಳು ಹಾಗೇ ಎದ್ದಳು. ಚಾಪೆ ಮುಟ್ಟಿ ನಮಸ್ಕಾರ ಮಾಡುವ ವಾಡಿಕೆ ಮರೆತು ಚಪ್ಪಲಿ ಮೆಟ್ಟಿದಳು. ಅವಳ ಹಿಂದೆ ನಾಲ್ಕೈದು ಮಂದಿ. "ಕುಡುಕನ ನಡುಕಕ್ಕ ಕೈ ಮುಗದ್ವಿ ನೋಡು" ಎಂದು ಅಂಗಳದಲ್ಲಿ ಯಾರೋ ಅಂದರು. ಯಾರೋ ನಕ್ಕರು. ತಿಂಗಳಿಂದ ಯಾವ ನಗುವಿಗೆ ಹೆದರಿದ್ದನೋ ಆ ನಗು ಕೊನೆಗೂ ಬಂತು. ಬಂದು, ಹೋಯಿತು. ಮಹಾಂತಪ್ಪ ತನ್ನ ಕೈ ನೋಡಿಕೊಂಡ. ಅದು ತೊಡೆಯ ಮೇಲೆ ಸುಮ್ಮನೆ ಕೂತಿತ್ತು.

ಲಗಮವ್ವ ಹೊಸ್ತಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಕಡೆ ಬಾಗಿದಳು.

"ನನಗ ಗೊತ್ತಿತ್ತೋ ಎಪ್ಪಾ," ಅಂದಳು ತಗ್ಗಿದ ದನಿಯಲ್ಲಿ.

ಅವನು ತಲೆ ಎತ್ತಿದ. "ಗೊತ್ತಿತ್ತ? ಮತ್ತ ಅವತ್ತ..."

"ನನ್ನ ಗಂಡನೂ ಒಮ್ಮೆ ಬಿಟ್ಟಿದ್ದ. ಹದಿನೆಂಟ ದಿನ. ಹಿಂಗ ನಡಗತಿದ್ದ, ಹಿಂಗ ಬೆವರತಿದ್ದ. ತಾಟನ್ಯಾಗಿನ ಅನ್ನ ಬಾಯಿಗೆ ಮುಟ್ಟತಿರಲಿಲ್ಲ. ಓಣಿ ಮಂದಿ ಎಲ್ಲಾ ನಕ್ಕರು." ಮುದುಕಿ ಹೊಸ್ತಿಲ ಮೇಲಿನ ಧೂಳನ್ನು ಬೆರಳಿಂದ ಸರಿಸಿದಳು. "ನಾನೂ ನಕ್ಕೆ. ಹತ್ತೊಂಬತ್ತನೇ ದಿನ ಎದ್ದ ಹೋಗಿ ಕುಡದ ಬಂದ. ಮುಂದ ಬಿಡಲೇ ಇಲ್ಲ."

ಮಹಾಂತಪ್ಪ ಹೊಸ್ತಿಲ ಕಡೆ ಸರಿದು ಕೂತ.

"ಹಂಗಂತ ತಾಯಿ ಹೆಸರಲೆ ಸುಳ್ಳ ಹೇಳಿದೆ ಅನಕೋಬ್ಯಾಡ. ಬಿಡಿಸಿದಾಕಿ ಆಕಿನ ಅಲ್ಲೇನು?" ಎಂದು ಮೊಣಕಾ‌ಲ ಮೇಲೆ ಕೈಯೂರಿ ಎದ್ದಳು. ಆಮೇಲೆ ಜೋರಾಗಿ: "ತಾಯವ್ವಾ, ಪಾಳಿ ಖಾಲಿ ಐತಿ, ಕುಂಡರು. ನಡಗದ ಕೈಲೆ ತೊಟ್ಟರ ಬಳಿ ಏನ ಕಚ್ಚತಾವೇನು?"

ತಾಯವ್ವ ಬಂದು ಕೂತು ಕೈ ಚಾಚಿದಳು. ಅವಳ ಹಿಂದೆ ಇನ್ನೂ ಏಳೆಂಟು ಮಂದಿ ಉಳಿದಿದ್ದರು. ಅವರಿಗೆ ಬೇಕಿದ್ದದ್ದು ಬಳೆ. ತಾಯವ್ವ ಎದ್ದ ಮೇಲೆ ಮಹಾಂತಪ್ಪ ಸರ ಬದಲಿಸುತ್ತ ಮುಂದಿನವರು ಬರ್ರಿ ಅಂದ. ಚಾಪೆಯ ಮೇಲೆ ಬಂದು ಕೂತವಳ ಕೈ ಹಿಡಿದ ಮೇಲೆಯೇ ಮುಖ ನೋಡಿದ್ದು.

ಸುಂದರವ್ವ. ಪ್ಲಾಸ್ಟಿಕ್ ಬಳೆ ತೆಗೆದು ಮಾಡದಲ್ಲಿಟ್ಟು ಬಂದಿದ್ದಳು. ಕೈಗೆ ಅಂಟಿದ ಜೋಳದ ಹಿಟ್ಟನ್ನು ಪೂರಾ ಒರೆಸಿಕೊಂಡಿರಲಿಲ್ಲ. ಮಣಿಕಟ್ಟಿನ ಒಳಗಡೆ, ಗೋದಿ ಕಾಳಿನಷ್ಟು ಉದ್ದದ ಗಾಯದ ಕಲೆ.

ಅವನು ಹಸಿರು ಬಳೆಯ ಸರ ಬಿಚ್ಚಿದ. ಎರಡು-ನಾಲ್ಕರ ಅಳತೆ.

"ಎರಡು-ಆರು ಕೊಡ್ರಿ," ಅಂದಳು ಸುಂದರವ್ವ. "ಅದು ಲಗ್ನದಾಗಿನ ಕೈ. ಈಗ ಆ ಕೈ ಎಲ್ಲೈತಿ?"

ಊರ ಹೆಂಗಸರ ಕೈಗಳ ಅಳತೆ ಅವನಿಗೆ ಬಾಯಿಪಾಠ. ಮನೆಯ ಕೈಯ ಅಳತೆ ಎಂದು ಬದಲಾಯಿತೋ ಗೊತ್ತಿರಲಿಲ್ಲ. ಸರ ಬದಲಿಸಿದ. ಹೆಬ್ಬೆರಳನ್ನು ಒಳಗೆ ಮಡಿಸಿ, ಗೆಣ್ಣು ಒತ್ತಿದ. ರೊಟ್ಟಿ ಬಡಿದು ಗಟ್ಟಿಯಾದ ಕೈ. ಒಂದೊಂದೇ ಏರಿಸಿದ. ಕಲೆಯ ಹತ್ತಿರ ಬಂದಾಗ ಪ್ರತಿ ಬಳೆಯನ್ನೂ ಸ್ವಲ್ಪ ಎತ್ತಿ ದಾಟಿಸಿದ. ಎಡಗೈಗೆ ಹನ್ನೆರಡು, ಬಲಗೈಗೆ ಹನ್ನೆರಡು, ಮೇಲೊಂದು ಬಳೆಗಾರನ ಕಡೆಯಿಂದ. ಅವಳು ಇಡೀ ಹೊತ್ತು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಆಮೇಲೆ ಅವಳು ಎಲ್ಲರ ಹಾಗೆ ಬಾಗಿ ಚಾಪೆ ಮುಟ್ಟಿ ನಮಸ್ಕಾರ ಮಾಡಿದಳು.

ಮಹಾಂತಪ್ಪ ಬಾಯಿ ತೆರೆದ. ದಿನಕ್ಕೆ ನೂರು ಸಲ ನಾಲಿಗೆಯ ತುದಿಯಲ್ಲಿ ಉರುಳುವ ಮಾತು ಅಲ್ಲೇ ನಿಂತಿತು. ಇದನ್ನು ತಾನು ಹೇಳುವುದೆಂದರೇನು, ಅದೂ ಇವಳಿಗೆ?

"ಹೇಳೋ ಎಪ್ಪಾ," ಅಂದಳು ಹೊಸ್ತಿಲಿಂದ ಲಗಮವ್ವ. "ಊರ ಮಂದಿಗೆಲ್ಲಾ ಹೇಳ್ತಿ. ಈಕಿಗೆ ಹೇಳಾಕ ಏನ ಧಾಡಿ?"

ಹೆಂಗಸರು ನಕ್ಕರು. ಸುಂದರವ್ವ ಬಾಗಿದವಳು ಏಳದೆ ಹಾಗೇ ಕಾಯುತ್ತಿದ್ದಳು.

"ಮುತ್ತೈದಿಯಾಗಿ," ಅಂದ ಮಹಾಂತಪ್ಪ. ಅವಳ ಕೈಯ ಹಸಿರು ಬಳೆಗಳನ್ನು ನೋಡಿದ. "ಮುತ್ತೈದಿಯಾಗಿ ನೂರು ವರ್ಷ ಬಾಳು."

"ಹೂಂ," ಅಂದಳು ಸುಂದರವ್ವ, ಒಂದು ಮಾತಿಗೆ ಒಪ್ಪಿಕೊಂಡವಳ ಹಾಗೆ. ಎದ್ದು ಒಳಗೆ ಹೋದಳು.

ಅವನು ಮುಂದಿನ ಕೈ ಹಿಡಿದ. ಸಂಗೊಳ್ಳಿಯ ಹುಡುಗಿ. ಎರಡು-ನಾಲ್ಕರ ಅಳತೆ. ಮೊದಲ ಬಳೆ ಗೆಣ್ಣಿನ ಮೇಲೆ ಬಂದಾಗ ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ತಪ್ ತಪ್, ಗಲ್ ಗಲ್. ತಪ್ ತಪ್, ಗಲ್ ಗಲ್. ಮಹಾಂತಪ್ಪ ಕೈ ನಿಲ್ಲಿಸಿದ.

"ಯಾಕ್ರಿ ಕಾಕಾ?" ಅಂದಳು ಹುಡುಗಿ.

"ಏನಿಲ್ಲ ತಂಗಿ," ಅಂದು ಬಳೆಯನ್ನು ಏರಿಸಿದ.